ಕೊನೆಯ ಮನೆಯವರೆಗೆ

ಮಗಳೂ ಅಳಿಯನೂ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನೆಲೆಸಿರುವುದರಿಂದ, ನಾನೂ ನನ್ನ ಮಡದಿಯೂ ಒಂದು ಬೇಸಿಗೆಯನ್ನು ಅಲ್ಲಿ ಕಳೆಯುವ ಸಂದರ್ಭ ಒದಗಿತು. ಊರು ಸುಂದರವಾಗಿತ್ತು, ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಬೆಳಿಗ್ಗೆ ಮಕ್ಕಳಿಬ್ಬರೂ ಕೆಲಸಕ್ಕೆ ಹೊರಟ ಮೇಲೆ ಹೊತ್ತು ಹೋಗುವುದೇ ಕಷ್ಟವಾಗುತ್ತಿತ್ತು. ಭಾಷೆ ತಿಳಿಯದ ನಾಡಿನಲ್ಲಿ ಮನುಷ್ಯನಿಗೆ ಕಿವಿಯಿದ್ದೂ ಕಿವುಡು, ಬಾಯಿದ್ದೂ ಮೂಕತನ. ಮಗಳ ಕೈಹಿಡಿಯದೆ ಬೀದಿ ದಾಟಲು ಸಹ ನಾವು ಅಂಜುತ್ತಿದ್ದೆವು.

ಒಂದು ಸಂಜೆ ನನ್ನ ಮಡದಿ, "ರೀ, ಎಷ್ಟು ದಿನ ಹೀಗೆ ಕಿಟಕಿಯಲ್ಲೇ ಊರು ನೋಡುವುದು? ನಾವಿಬ್ಬರೇ ಎಲ್ಲಿಗಾದರೂ ಹೋಗಿ ಬರೋಣ," ಎಂದಳು. ಮಗಳು ಮೊದಲು ಹಿಂಜರಿದಳು. ಆಮೇಲೆ ತಾನೇ ಒಂದು ಚೀಟಿಯಲ್ಲಿ ರೈಲು ಬಸ್ಸುಗಳ ವೇಳೆಯನ್ನೆಲ್ಲ ಬರೆದುಕೊಟ್ಟು, "ಗ್ರೀಸಾಲ್ಪ್ ಎಂಬ ಬೆಟ್ಟದೂರಿಗೆ ಹೋಗಿಬನ್ನಿ ಅಪ್ಪ. ಆದರೆ ಸಂಜೆಯ ಕೊನೆಯ ಬಸ್ಸನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ," ಎಂದು ಎಚ್ಚರಿಸಿದಳು.

ಜೂನ್ ತಿಂಗಳ ಒಂದು ಬೆಳಗಿನಲ್ಲಿ ಚಪಾತಿ, ಚಟ್ನಿಪುಡಿಗಳ ಗಂಟಿನೊಡನೆ ನಾವು ಹೊರಟೆವು. ತೂನ್ ಸರೋವರದ ದಡದಲ್ಲಿ ಸಾಗಿದ ರೈಲು ನಮ್ಮನ್ನು ಸ್ಪೀಟ್ಸ್ ಪಟ್ಟಣಕ್ಕೆ ಮುಟ್ಟಿಸಿತು. ಅಲ್ಲಿ ಬೇರೊಂದು ರೈಲನ್ನೇರಿ ರೈಖೆನ್‌ಬಾಖ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದೆವು. ನಿಲ್ದಾಣದ ಹೊರಗೆ ಹಳದಿ ಬಣ್ಣದ ಬಸ್ಸೊಂದು ನಮ್ಮ ರೈಲಿಗಾಗಿಯೇ ಕಾದಂತೆ ನಿಂತಿತ್ತು. 'ಕಾದಂತೆ' ಎನ್ನುವುದೂ ಸರಿಯಲ್ಲ. ನಿಜವಾಗಿಯೂ ಅದು ಕಾಯುತ್ತಿತ್ತು. ಆ ದೇಶದಲ್ಲಿ ರೈಲಿನ ವೇಳೆಗೆ ಬಸ್ಸಿನ ವೇಳೆಯನ್ನು ಹೆಣೆದು ಒಂದೇ ಜಾಲವಾಗಿ ಮಾಡಿದ್ದಾರೆ. ಗಂಟೆಗಂಟೆಗೂ ಅದೇ ನಿಮಿಷಕ್ಕೆ ರೈಲು ಬರುವ ಪದ್ಧತಿಯನ್ನು 1982ರಲ್ಲಿ ದೇಶದಾದ್ಯಂತ ಜಾರಿಗೆ ತಂದರು. ಈ ವ್ಯವಸ್ಥೆಯನ್ನು ಇನ್ನಷ್ಟು ವಿಸ್ತರಿಸುವ ಯೋಜನೆಗೆ 1987ರಲ್ಲಿ ಜನರೇ ಮತ ನೀಡಿ ಒಪ್ಪಿಗೆ ಕೊಟ್ಟರು.

ಈ ಹಳದಿ ಬಸ್ಸುಗಳಿಗೆ ಅಂಚೆ ಬಸ್ಸುಗಳೆಂದು ಹೆಸರು. ಹಿಂದೆ ಬೆಟ್ಟದ ಊರುಗಳಿಗೆ ಕಾಗದಪತ್ರಗಳನ್ನೂ ಪ್ರಯಾಣಿಕರನ್ನೂ ಒಯ್ಯುತ್ತಿದ್ದುದು ಅಂಚೆ ಇಲಾಖೆಯ ಕುದುರೆಗಾಡಿ. 1906ರ ಜೂನ್ 1ರಂದು ಬರ್ನ್ ನಗರದಿಂದ ಡೆಟ್ಲಿಗನ್ ಎಂಬ ಹಳ್ಳಿಗೆ ಮೊದಲ ಮೋಟಾರು ಅಂಚೆ ಬಸ್ಸು ಓಡಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಲಾರಿಗಳನ್ನು ಬಸ್ಸುಗಳಾಗಿ ಮಾರ್ಪಡಿಸಿ ಪರ್ವತದ ದಾರಿಗಳಿಗೆ ಇಳಿಸಿದರು. ಯುದ್ಧಕ್ಕೆಂದು ಹುಟ್ಟಿದ ಗಾಡಿ ಹಳ್ಳಿಯ ಸೇವೆಗೆ ನಿಂತದ್ದು ಎಷ್ಟು ಒಳ್ಳೆಯ ಮಾತು! ಆದರೂ ತೀರ ದುರ್ಗಮವಾದ ಕಣಿವೆಗಳಲ್ಲಿ ಕುದುರೆಗಾಡಿ ಉಳಿದೇ ಇತ್ತು. ಅದರ ಕೊನೆಯ ಓಡಾಟ ನಿಂತದ್ದು 1961ರಲ್ಲಿ.

ಬಸ್ಸನ್ನು ಹತ್ತುತ್ತಲೇ ಚಾಲಕನು ಮುಗುಳುನಕ್ಕು ತನ್ನ ಭಾಷೆಯಲ್ಲಿ ವಂದಿಸಿದನು. ನಾವು ಕೈಮುಗಿದೆವು. ನನ್ನ ಕೈಯಲ್ಲಿದ್ದ ಚೀಟಿಯನ್ನು ಅವನು ಓದಿ, ಕೊನೆಯ ಬಸ್ಸಿನ ವೇಳೆಯ ಕೆಳಗೆ ತಾನೂ ಒಂದು ಗೆರೆ ಎಳೆದು, ಗಡಿಯಾರವನ್ನು ತೋರಿಸಿ ಹಿಂದಿರುಗಿಸಿದನು. ಎಚ್ಚರಿಕೆಗೆ ಭಾಷೆ ಬೇಕಾಗಲಿಲ್ಲ.

ಅಷ್ಟರಲ್ಲಿ ನಾಲ್ಕಾರು ಶಾಲಾಮಕ್ಕಳು ಹತ್ತಿದರು. ಆ ದೇಶದಲ್ಲಿ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿಬರುವುದು ವಾಡಿಕೆ. ಹಸಿರು ಹುಲ್ಲುಗಾವಲುಗಳ ನಡುವೆ, ಶಾರ್ನಾಖ್‌ಟಾಲ್ ಎಂಬ ಹಳ್ಳಿಯನ್ನು ಹಾದು ಬಸ್ಸು ಏರತೊಡಗಿತು. ಒಬ್ಬೊಬ್ಬರಾಗಿ ಮಕ್ಕಳು ಇಳಿದುಹೋದರು. ಕೊನೆಗೆ ಎಂಟು ಒಂಬತ್ತು ವರ್ಷದ ಹುಡುಗಿಯೊಬ್ಬಳು ಉಳಿದಳು. ಸುತ್ತ ಒಂದೇ ಒಂದು ಮರದ ಮನೆಯಿದ್ದ ತಿರುವಿನಲ್ಲಿ ಬಸ್ಸು ನಿಂತಿತು. ಹುಡುಗಿ ಇಳಿದು, ಚಾಲಕನಿಗೆ ಕೈಬೀಸಿ, ಮನೆಯತ್ತ ಓಡಿದಳು.

ಪಕ್ಕದಲ್ಲಿದ್ದ ವೃದ್ಧರೊಬ್ಬರಿಗೆ ಇಂಗ್ಲಿಷ್ ತಿಳಿದಿತ್ತು. ನಾನು ಅವರನ್ನು, "ಒಂದು ಮಗುವಿಗಾಗಿ ಇಷ್ಟು ದೂರ ಬಸ್ಸು ಓಡಿಸಿದರೆ ನಷ್ಟವಾಗುವುದಿಲ್ಲವೇ?" ಎಂದು ಕೇಳಿದೆನು. ಅವರು ನಕ್ಕು, "ಬೀದಿಯ ದೀಪದಿಂದ ಎಷ್ಟು ಲಾಭ ಬಂತೆಂದು ನಿಮ್ಮ ಊರಿನಲ್ಲಿ ಕೇಳುತ್ತಾರೆಯೇ?" ಎಂದರು. ಟಿಕೆಟ್ಟಿನ ಹಣದಿಂದ ಮಾತ್ರವೇ ಇಂತಹ ದಾರಿಗಳು ನಡೆಯುವುದಿಲ್ಲವಂತೆ. ವರ್ಷವಿಡೀ ಕನಿಷ್ಠ ನೂರು ಜನ ವಾಸಿಸುವ ಊರಾದರೆ ಸಾಕು, ಅಲ್ಲಿಗೆ ಸಾರಿಗೆ ಒದಗಿಸಲು ತಗಲುವ ವೆಚ್ಚದ ಕೊರತೆಯನ್ನು ಕೇಂದ್ರ ಸರ್ಕಾರವೂ ಕ್ಯಾಂಟನ್ ಎಂಬ ಪ್ರಾಂತ ಸರ್ಕಾರವೂ ಸೇರಿ ತುಂಬಿಕೊಡುತ್ತವೆ.

ಈ ಮಾತು ಕೇಳಿ ನಾನು ಸುಮ್ಮನಾದೆನು. ಮನಸ್ಸು ಸಾವಿರಾರು ಮೈಲಿ ಹಿಂದಕ್ಕೆ ಓಡಿತು. ನಮ್ಮ ನಾಡಿನಲ್ಲಿಯೂ ಬಸ್ಸೆಂದರೆ ಬರಿಯ ವಾಹನವಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನ ಸಾರಿಗೆಯನ್ನು ಆರಂಭಿಸಿತು. ಅಂದಿನಿಂದ ಎಷ್ಟೋ ಹಳ್ಳಿಗಳಿಗೆ ಪಟ್ಟಣದ ಆಸ್ಪತ್ರೆ, ಕಚೇರಿ, ಕಾಲೇಜುಗಳು ಹತ್ತಿರವಾದುವು. ರಾತ್ರಿ ಊರಿನಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಬಸ್ಸು ಹಳ್ಳಿಗರಿಗೆ ಮನೆಯ ಎತ್ತಿನಷ್ಟೇ ಆಪ್ತವಾದುದು. ಆದರೆ ಬಸ್ಸು ಮುಟ್ಟದ ಊರುಗಳೂ ಇದ್ದುವು. ನಾನು ಉಪಾಧ್ಯಾಯನಾಗಿ ಸೇರಿದ ಮೊದಲ ವರ್ಷಗಳಲ್ಲಿ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿದ್ದೆನು. ದೂರದ ಹಳ್ಳಿಯೊಂದರಿಂದ ಒಬ್ಬ ಹುಡುಗಿ ಬರುತ್ತಿದ್ದಳು, ತರಗತಿಗೆ ಮೊದಲಿಗಳು. ಮಳೆಗಾಲ ಬಂದಿತು. ಮಣ್ಣಿನ ರಸ್ತೆ ಕೆಸರಾಗಿ, ಬರುತ್ತಿದ್ದ ಒಂದು ಬಸ್ಸೂ ನಿಂತಿತು. ಕಾಡುದಾರಿಯಲ್ಲಿ ಎಂಟು ಕಿಲೋಮೀಟರು ಒಬ್ಬಳನ್ನೇ ಕಳುಹಿಸಲು ತಾಯಿತಂದೆಯರು ಒಪ್ಪಲಿಲ್ಲ. ಮಳೆ ನಿಂತಿತು, ಬಸ್ಸೂ ಬಂದಿತು; ಆದರೆ ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ನಾವು ಕೀನ್‌ಟಾಲ್ ಎಂಬ ಹಳ್ಳಿಯನ್ನು ತಲಪಿದ್ದೆವು. 1916ರ ಏಪ್ರಿಲ್‌ನಲ್ಲಿ ಯುದ್ಧವನ್ನು ವಿರೋಧಿಸಿದ ಸಮಾಜವಾದಿಗಳು ಸೇರಿದ ಸಮ್ಮೇಳನ ನಡೆದದ್ದು ಈ ಊರಿನಲ್ಲಿಯೇ. ಲೆನಿನ್ ಅದರಲ್ಲಿ ಭಾಗವಹಿಸಿದ್ದನು. ಅಲ್ಲಿಂದ ಮುಂದೆ ಚಿಂಗೆಲ್ ಎಂಬ ಕೊಳ. 1972ರಲ್ಲಿ ಬೆಟ್ಟದಿಂದ ಕುಸಿದುಬಂದ ಕಲ್ಲುಮಣ್ಣು ಹೊಳೆಗೆ ಅಡ್ಡವಾಗಿ ಹುಟ್ಟಿದ ಕೊಳವದು. ಕೊಳವನ್ನು ದಾಟಿದ ಮೇಲೆ ನಿಜವಾದ ಏರು ಆರಂಭವಾಯಿತು. ನೂರು ಅಡಿ ಸಾಗುವಷ್ಟರಲ್ಲಿ ಇಪ್ಪತ್ತೆಂಟು ಅಡಿ ಮೇಲೇರುವಷ್ಟು ಕಡಿದು. ಅಂಚೆ ಬಸ್ಸು ಓಡುವ ದಾರಿಗಳಲ್ಲಿ ಇಷ್ಟು ಕಡಿದಾದದ್ದು ಯೂರೋಪಿನಲ್ಲಿ ಬೇರಿಲ್ಲವೆಂಬ ಖ್ಯಾತಿ ಇದಕ್ಕುಂಟು. ಆದ್ದರಿಂದಲೇ ಇಲ್ಲಿ ಗಿಡ್ಡ ಬಸ್ಸುಗಳನ್ನು ಮಾತ್ರ ಓಡಿಸುತ್ತಾರೆ. ಆಗುಂಬೆಯ ತಿರುವುಗಳನ್ನು ಕಂಡಿದ್ದ ನಮಗೂ ಎದೆ ಝಲ್ಲೆಂದಿತು. ಕುರುಡು ತಿರುವು ಬಂದಾಗಲೆಲ್ಲ ಚಾಲಕನು ತುತ್ತೂರಿ ನುಡಿಸುತ್ತಿದ್ದನು. ಮೂರೇ ಸ್ವರಗಳ ಆ ಇಂಪಾದ ಧ್ವನಿಯನ್ನು, ರೊಸ್ಸೀನಿ ಎಂಬ ಸಂಗೀತಗಾರನು ಸ್ವಿಸ್ ಜನರ ವೀರ ವಿಲಿಯಂ ಟೆಲ್‌ನ ಕಥೆಗೆ ರಚಿಸಿದ ಸಂಗೀತದಿಂದ ಆಯ್ದುಕೊಂಡಿದ್ದಾರೆ.

ಗ್ರೀಸಾಲ್ಪ್ ಸಮುದ್ರಮಟ್ಟದಿಂದ ಸುಮಾರು 1,400 ಮೀಟರು ಎತ್ತರದಲ್ಲಿದೆ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಇಲ್ಲಿಯವರೆಗೆ ಬಸ್ಸು ಬರುತ್ತದೆ. ಹಸುಗಳ ಕೊರಳಗಂಟೆ, ನೀರಿನ ಮೊರೆತ, ಮೇಲೆ 3,661 ಮೀಟರು ಎತ್ತರದ ಬ್ಲುಮ್ಲಿಸಾಲ್ಪ್ ಶಿಖರದ ಹಿಮ—ಬೇರೆ ಏನೂ ಇಲ್ಲ. ಬುತ್ತಿ ಬಿಚ್ಚಿ ಉಂಡೆವು. ಬಳಿಕ ಪೋಖ್ಟೆನ್ ಜಲಪಾತವನ್ನು ನೋಡಲು ಇಳಿದೆವು. ನೋಡುತ್ತ ನಿಂತದ್ದೇ ತಪ್ಪಾಯಿತು. ಇಳಿಯುವಾಗ ಸುಲಭವಾಗಿದ್ದ ದಾರಿ ಏರುವಾಗ ಮಡದಿಯ ಮೊಣಕಾಲಿಗೆ ಶತ್ರುವಾಯಿತು. ಗಡಿಯಾರ ನೋಡಿದರೆ ಕೊನೆಯ ಬಸ್ಸಿಗೆ ಐದೇ ನಿಮಿಷ!

"ನೀವು ಮುಂದೆ ಓಡಿಹೋಗಿ ಬಸ್ಸನ್ನು ನಿಲ್ಲಿಸಿ ರೀ," ಎಂದಳು. "ನಿನ್ನನ್ನು ಬಿಟ್ಟು ಹೇಗೆ ಹೋಗಲಿ?" ಎಂದೆನು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಾಗ ವೇಳೆ ಮೂರು ನಿಮಿಷ ಮೀರಿತ್ತು. ಬಸ್ಸು ನಿಂತೇ ಇತ್ತು. ಬೆಳಗಿನ ಚಾಲಕನೇ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದನು. ನಮ್ಮನ್ನು ಕಂಡು ಎರಡು ಬೆರಳನ್ನೆತ್ತಿ ಒಳಗಿದ್ದವರಿಗೆ ಏನೋ ಹೇಳಿದನು. ಬೆಳಿಗ್ಗೆ ಬಂದ ಇಬ್ಬರು ಇನ್ನೂ ಬರಬೇಕೆಂದು ಅವನು ಎಣಿಕೆ ಇಟ್ಟಿದ್ದನು! ನಿಮಿಷಕ್ಕೆ ನಿಮಿಷ ಲೆಕ್ಕವಿಡುವ ಆ ಜನರಲ್ಲಿ ಒಬ್ಬರೂ ಮುಖ ಸಿಂಡರಿಸಲಿಲ್ಲ. ಕೆಳಗೆ ನಮ್ಮ ರೈಲೂ ತಪ್ಪಲಿಲ್ಲ.

ರೈಲಿನಲ್ಲಿ ಮಡದಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲನೆ, "ಮಧ್ಯಾಹ್ನ ಆ ಪುಟ್ಟ ಹುಡುಗಿ ಇಳಿದಾಗ ನಿಮಗೆ ಯಾರ ನೆನಪಾಯಿತೆಂದು ನನಗೆ ಗೊತ್ತು," ಎಂದಳು. "ಬಸ್ಸು ಬರಲಿಲ್ಲ, ನಿಜ. ಆದರೆ ಆ ಮಳೆಗಾಲ ಕಳೆಯುವವರೆಗೆ ಅವಳನ್ನು ನಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಿತ್ತಲ್ಲವೇ? ನಮಗೆ ಯಾಕೆ ಹೊಳೆಯಲಿಲ್ಲ?"

ನಾನು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ. ರಸ್ತೆಯನ್ನೂ ಮಳೆಯನ್ನೂ ಸರ್ಕಾರವನ್ನೂ ದೂರುತ್ತ ಇಷ್ಟು ವರ್ಷ ಕಳೆದಿದ್ದೆನು. ಕೊನೆಯ ಮನೆಯ ಮಗುವಿಗೆ ದಾರಿ ಮಾಡಿಕೊಡುವುದು ಸಮಾಜದ ಹೊಣೆ. ಅದನ್ನು ಕಾನೂನಿನಿಂದಲೂ ಹಣದಿಂದಲೂ ನಡೆಸಬೇಕು. ಆದರೆ ಇನ್ನೂ ಬಾರದವರು ಯಾರೆಂದು ಎಣಿಸಿ, ಮೂರು ನಿಮಿಷ ಬಾಗಿಲಲ್ಲಿ ನಿಂತು ಕಾಯುವ ಕೆಲಸವನ್ನು ಯಾವ ಕಾನೂನೂ ಮಾಡಲಾರದು. ಅದನ್ನು ಮನುಷ್ಯನೇ ಮಾಡಬೇಕು.

ಅಭ್ಯಾಸ

1. ಲೇಖಕರೂ ಅವರ ಮಡದಿಯೂ ತಾವಿಬ್ಬರೇ ಪ್ರವಾಸ ಹೊರಡಲು ಕಾರಣವೇನು?
2. ಅಂಚೆ ಬಸ್ಸುಗಳು ಬೆಳೆದುಬಂದ ಬಗೆಯನ್ನು ವಿವರಿಸಿರಿ.
3. "ಬೀದಿಯ ದೀಪದಿಂದ ಎಷ್ಟು ಲಾಭ ಬಂತೆಂದು ಕೇಳುತ್ತಾರೆಯೇ?"—ಈ ಮಾತನ್ನು ಯಾರು ಯಾರಿಗೆ ಹೇಳಿದರು? ಇದರ ಸ್ವಾರಸ್ಯವೇನು?
4. ಮಡದಿಯ ಪ್ರಶ್ನೆಗೆ ಲೇಖಕರು ಉತ್ತರ ಕೊಡದೆ ಉಳಿದುದೇಕೆ?
5. ನಿಮ್ಮ ಊರಿಗೆ ಬರುವ ಬಸ್ಸಿನಿಂದ ಯಾರು ಯಾರಿಗೆ ಏನೇನು ಅನುಕೂಲವಾಗಿದೆ? ಹತ್ತು ವಾಕ್ಯಗಳಲ್ಲಿ ಬರೆಯಿರಿ.