ಬುಟ್ಟಿ ಚೆಂಡು, ಒಂದು ಹುರಿ, ಹಳೆಯ ಕಾಲುಚೀಲ

ಮಗೂ, ಮೊನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿದ್ದಳು. ಟೂರ್ನಮೆಂಟಿನ ಮೊದಲ ಸುತ್ತಿನಲ್ಲೇ ಹನ್ನೊಂದು ಡಬಲ್ ಫಾಲ್ಟ್ ಮಾಡಿ ಸೋತೆಯಂತೆ. ಮನೆಗೆ ಬಂದವನು ಊಟ ಬೇಡವೆಂದು ಮಲಗಿಬಿಟ್ಟೆಯಂತೆ. ಬೆಳಿಗ್ಗೆ ಎದ್ದು ಸರ್ವ್ ಅಭ್ಯಾಸದ ಸಾಮಾನುಗಳ ಪಟ್ಟಿ ಬರೆದು ಅವಳ ಕೈಗಿಟ್ಟೆಯಂತೆ. ಅದನ್ನು ಅವಳು ನನಗೂ ಕಳಿಸಿದ್ದಾಳೆ. ಟಾಸ್ ಕಲಿಸುವ ಬಳೆಯ ಕಂಬ, ಮುಂಗೈ ತಿರುಗಿಸಲು ಕಲಿಸುವ ಪಟ್ಟಿ, ರಾಕೆಟ್ಟಿಗೆ ಸಿಕ್ಕಿಸುವ ತೂಕ, ವೇಗ ಅಳೆಯುವ ರೇಡಾರ್. "ಅಣ್ಣಾ, ನೀನು ಆಡಿದವನು, ಇದರಲ್ಲಿ ಯಾವುದು ಕೊಡಿಸಲಿ?" ಎಂದು ಕೇಳಿದಳು. ಉತ್ತರವನ್ನು ನಿನಗೇ ಹೇಳುವುದು ಸರಿ ಅನ್ನಿಸಿತು.

ಟೆನಿಸ್ಸಿನಲ್ಲಿ ಮಿಕ್ಕ ಹೊಡೆತಗಳೆಲ್ಲ ಎದುರಾಳಿ ಕಳಿಸಿದ ಚೆಂಡಿಗೆ ನೀನು ಕೊಡುವ ಉತ್ತರ. ಸರ್ವ್ ಒಂದಕ್ಕೆ ಮಾತ್ರ ಚೆಂಡನ್ನು ಎಸೆದುಕೊಳ್ಳುವವನೂ ನೀನೇ, ಹೊಡೆಯುವವನೂ ನೀನೇ. ಅದಕ್ಕೇ ಅದನ್ನು ಒಬ್ಬನೇ ನಿಂತು ಕಲಿಯಬಹುದು, ಸಂಗಾತಿ ಬೇಕಿಲ್ಲ. ಆದರೆ ಯಾವ ಸಾಮಾನು ಬೇಕು ಎನ್ನುವ ಮೊದಲು, ತಪ್ಪುತ್ತಿರುವುದು ಎಲ್ಲಿ ಎಂದು ನಿನಗೆ ಗೊತ್ತಿರಬೇಕು. ಚೆಂಡು ನೆಟ್‌ಗೆ ಬೀಳುತ್ತಿದೆಯೋ, ಆಚೆ ಹೋಗುತ್ತಿದೆಯೋ? ನಿನ್ನಮ್ಮನನ್ನು ಕೇಳಿದೆ. "ಹೆಚ್ಚಿನವು ನೆಟ್‌ಗೇ" ಅಂದಳು. ಹಾಗಾದರೆ ಒಂದು ಲೆಕ್ಕ ಮಾಡೋಣ.

ಬೇಸ್‌ಲೈನಿನಿಂದ ನೆಟ್‌ಗೆ 11.885 ಮೀಟರ್. ನೆಟ್‌ನಿಂದ ಆಚೆಯ ಸರ್ವಿಸ್ ಲೈನಿಗೆ 6.40 ಮೀಟರ್. ನೆಟ್‌ನ ನಡುವಿನ ಎತ್ತರ 0.914 ಮೀಟರ್. ಸರ್ವಿಸ್ ಲೈನಿನಿಂದ ನೆಟ್‌ನ ಅಂಚನ್ನು ಸವರಿಕೊಂಡು ಒಂದು ನೇರ ಗೆರೆ ಎಳೆ. ಅದು ಬೇಸ್‌ಲೈನಿನ ಹತ್ತಿರ ಬರುವಾಗ ನೆಲದಿಂದ ಸುಮಾರು 2.61 ಮೀಟರ್ ಮೇಲಿರುತ್ತದೆ. ಅಂದರೆ ಚೆಂಡನ್ನು ನೇರ ಗೆರೆಯಲ್ಲಿ ಕಳಿಸಬೇಕಾದರೆ ಕನಿಷ್ಠ ಅಷ್ಟು ಎತ್ತರದಲ್ಲಿ ಹೊಡೆಯಬೇಕು. ನೀನು ಐದಡಿಯ ಹುಡುಗ. ಚಾಚಿದ ಕೈ, ಅದರ ಮೇಲೆ ರಾಕೆಟ್, ಎಲ್ಲ ಸೇರಿದರೂ ಚೆಂಡು ತಗಲುವುದು ಸುಮಾರು 2.3 ಮೀಟರಿನಲ್ಲಿ. ದೂರದರ್ಶನದಲ್ಲಿ ಆರೂವರೆ ಅಡಿಯ ಆಟಗಾರರು ಚೆಂಡನ್ನು ಕೆಳಕ್ಕೆ ಜಡಿಯುವಂತೆ ಕಾಣುವುದನ್ನು ನೋಡಿ ನೀನೂ ಹಾಗೇ ಜಡಿದರೆ ಚೆಂಡು ನೆಟ್‌ಗೆ ಬೀಳದೆ ಇನ್ನೆಲ್ಲಿಗೆ ಹೋದೀತು? ನೀನು ಮೇಲಕ್ಕೆ ಹೊಡೆಯಬೇಕು ಮಗೂ. ಚೆಂಡಿಗೆ ಸುತ್ತು ಕೊಟ್ಟು ಮೇಲಕ್ಕೆ ಕಳಿಸಬೇಕು. ಕೆಳಗಿಳಿಸುವ ಕೆಲಸವನ್ನು ಆ ಸುತ್ತು, ಭೂಮಿಯ ಸೆಳೆತ ಸೇರಿ ಮಾಡುತ್ತವೆ.

ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿನಲ್ಲಿ ಮಾವಿನಕಾಯಿಗೆ ಕಲ್ಲು ಬೀರುತ್ತಿದ್ದೆಯಲ್ಲ, ಅದನ್ನು ನೆನಪಿಸಿಕೋ. ಎತ್ತರದ ಕೊಂಬೆಗೆ ಗುರಿಯಿಡುವಾಗ ಮೈ ತಾನಾಗಿ ಹಿಂದಕ್ಕೆ ಬಾಗುತ್ತಿತ್ತು. ಮೊಣಕೈ ಮೇಲೇರುತ್ತಿತ್ತು. ಕಾಲಿನಿಂದ ಹೊರಟ ಬಲ ಸೊಂಟ, ಭುಜ ದಾಟಿ ಬೆರಳ ತುದಿಗೆ ಬರುತ್ತಿತ್ತು. ಒಳ್ಳೆಯ ಸರ್ವಿನಲ್ಲಿ ನಡೆಯುವುದೂ ಅದೇ. ನೀನು ಈಗ ಮಾಡುತ್ತಿರುವುದು ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದಂತೆ.

ಇದನ್ನು ತಿದ್ದಲು ನಾನು ಕಂಡ ಅತ್ಯುತ್ತಮ ಸಲಕರಣೆ ಎರಡು ಬಿದಿರು ಗಳ, ಒಂದು ಸೆಣಬಿನ ಹುರಿ. ಕ್ಲಬ್ಬಿನ ಮಾರ್ಕರ್ ಅವರನ್ನು ಕೇಳಿ, ಅವರು ಒಪ್ಪಿದರೆ ನೆಟ್‌ನ ಎರಡು ಕಂಬಗಳಿಗೆ ಗಳ ಕಟ್ಟು. ನೆಟ್‌ಗಿಂತ ಎರಡು ಮೂರಡಿ ಮೇಲೆ ಹುರಿ ಬಿಗಿ. ನಿನ್ನ ಸೆಕೆಂಡ್ ಸರ್ವ್ ಆ ಹುರಿಯ ಮೇಲಿಂದ ಹೋಗಿ ಬಾಕ್ಸಿನೊಳಗೆ ಬೀಳಬೇಕು. ಮೊದಲ ಹತ್ತು ದಿನ ಅರ್ಧಕ್ಕರ್ಧ ಆಚೆ ಹೋಗುತ್ತವೆ, ಹೋಗಲಿ. ಹುರಿಯ ಮೇಲೂ ಹೋಗಬೇಕು, ಬಾಕ್ಸಿನಲ್ಲೂ ಬೀಳಬೇಕು ಅಂದರೆ ಸುತ್ತು ಕೊಡದೆ ಬೇರೆ ದಾರಿಯೇ ಇಲ್ಲ ಎನ್ನುವುದು ನಿನ್ನ ಕೈಗೇ ಅರ್ಥವಾಗುತ್ತದೆ. ಬಾಯಿಮಾತಿನಲ್ಲಿ ಹೇಳಿ ಮುಗಿಯದ ಪಾಠ ಅದು.

ಇನ್ನು ಟಾಸ್. ಬಳೆಯ ಕಂಬ ಬೇಡ. ಎಡಗಾಲಿನ ಮುಂದೆ, ಸ್ವಲ್ಪ ಬಲಕ್ಕೆ, ಕೋರ್ಟಿನೊಳಕ್ಕೆ ಒಂದಡಿಯ ಆಸುಪಾಸಿನಲ್ಲಿ ಹಳೆಯ ರಾಕೆಟ್ಟನ್ನು ಮಲಗಿಸು. ಚೆಂಡನ್ನು ಎಸೆದು, ಹೊಡೆಯದೆ ಬಿಡು. ಅದು ಆ ರಾಕೆಟ್ಟಿನ ತಂತಿಗಳ ಮೇಲೆ ಬೀಳಬೇಕು. ದಿನಕ್ಕೆ ಐವತ್ತು ಸಲ ಮಾಡು, ಮನೆಯ ಮಹಡಿಯ ಮೇಲೂ ಆದೀತು. ಉರಿಯುವ ಹಣತೆಯನ್ನು ಅಂಗೈಯಲ್ಲಿಟ್ಟು ಎತ್ತುವ ಹಾಗೆ ಕೈ ಮೇಲೇರಬೇಕು. ಮಣಿಕಟ್ಟು ಕೊಡವಿದರೆ ದೀಪ ಆರುತ್ತದೆ, ಚೆಂಡೂ ತಿರುಗಿಕೊಂಡು ಎತ್ತಲೋ ಹೋಗುತ್ತದೆ. ತೀರಾ ಎತ್ತರಕ್ಕೂ ಎಸೆಯಬೇಡ. ಹೊಡೆಯುವ ಜಾಗಕ್ಕಿಂತ ಒಂದು ಮೀಟರ್ ಮೇಲೆ ಹೋದ ಚೆಂಡು ಕೆಳಗೆ ಬರುವಾಗ ರಾಕೆಟ್ಟಿನ ಮುಂದೆ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿ ಹಾಯುತ್ತದೆ. 30 ಸೆಂಟಿಮೀಟರ್ ಮಾತ್ರ ಮೇಲೆ ಹೋಗಿದ್ದರೆ ಆ ವೇಗ 2.4 ಮೀಟರ್. ಯಾವುದನ್ನು ಹೊಡೆಯುವುದು ಸುಲಭ, ನೀನೇ ನೋಡು. ಇನ್ನೊಂದು ಮಾತು, ಪಂದ್ಯದಲ್ಲಿ ಟಾಸ್ ಕೆಟ್ಟರೆ ರಾಕೆಟ್ ಬೀಸದೆ ಚೆಂಡು ಹಿಡಿದುಕೊಂಡು ಮತ್ತೆ ಎಸೆಯಬಹುದು. ನಿಯಮದಲ್ಲಿ ಅದು ಫಾಲ್ಟ್ ಅಲ್ಲ. ಹನ್ನೊಂದರಲ್ಲಿ ನಾಲ್ಕನ್ನಾದರೂ ನೀನು ಹೀಗೆ ಉಳಿಸಿಕೊಳ್ಳಬಹುದಿತ್ತು.

ಮುಂಗೈ ಪಟ್ಟಿಯ ಬದಲಿಗೆ ನಿನ್ನ ಉದ್ದನೆಯ ಫುಟ್‌ಬಾಲ್ ಕಾಲುಚೀಲದ ತುದಿಗೆ ಒಂದು ಚೆಂಡು ಹಾಕಿ ಗಂಟು ಕಟ್ಟು. ಬಾಯಿಯ ಕಡೆ ಹಿಡಿದು ಸರ್ವಿನಂತೆಯೇ ಬೀಸು. ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುತ್ತಾರಲ್ಲ, ಇದೂ ಅದೇ ತಂತ್ರ. ಕವಣೆ ಬೀಸುವವನ ಕೈ ಬಿಗಿಯಾಗಿದ್ದರೆ ಕಲ್ಲು ಹಾರುವುದಿಲ್ಲ. ನೀನು ಎಲ್ಲಾದರೂ ತಡೆದು ಎಳೆದರೆ ಕಾಲುಚೀಲ ಸಡಿಲಾಗಿ ಚೆಂಡು ಬೆನ್ನಿಗೆ ಬಡಿಯುತ್ತದೆ. ಬೀಸು ಸರಾಗವಾಗಿದ್ದರೆ ನೆತ್ತಿಯ ಮೇಲೆ 'ಸುಯ್' ಎನ್ನುವ ಸದ್ದು ಕೇಳುತ್ತದೆ. ಆ ಸದ್ದು ಬೆನ್ನ ಹಿಂದೆ ಕೇಳಿದರೆ ಬಲವೆಲ್ಲ ಮೊದಲೇ ಖರ್ಚಾಯಿತೆಂದು ತಿಳಿ.

ರಾಕೆಟ್ಟಿಗೆ ತೂಕ ಸಿಕ್ಕಿಸುವ ವಿಚಾರದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ಹಿರಿಯ ಆಟಗಾರರೊಬ್ಬರ ಮಾತು ಕೇಳಿ ರಾಕೆಟ್ಟಿನ ತಲೆಗೆ ಸೀಸದ ಪಟ್ಟಿ ಸುತ್ತಿ ದಿನಕ್ಕೆ ನೂರು ಸರ್ವ್ ಹೊಡೆಯುತ್ತಿದ್ದೆ. ಮೂರನೆಯ ವಾರ ಬಲಭುಜದಲ್ಲಿ ಸೂಜಿ ಚುಚ್ಚಿದಂತಾಯಿತು. ಬೆಚ್ಚನೆಯ ನೀರು ಹಾಕಿಕೊಂಡು ಆಡಿದೆ. ಐದನೆಯ ವಾರಕ್ಕೆ ಅಂಗಿಯ ತೋಳಿಗೆ ಕೈ ಹಾಕಲಾಗಲಿಲ್ಲ. ತಲೆ ಬಾಚಲು ನನ್ನಮ್ಮ ಬರಬೇಕಾಯಿತು. ಆ ವರ್ಷ ಪೂರ್ತಿ ನಾನು ಕೋರ್ಟಿನ ಪಕ್ಕದ ಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡಿದೆ. ಭುಜದ ಕೀಲನ್ನು ಹಿಡಿದಿಟ್ಟುಕೊಳ್ಳುವುದು ನಾಲ್ಕು ಸಣ್ಣ ಸ್ನಾಯುಗಳು. ಸರ್ವಿನಲ್ಲಿ ಮಿಂಚಿನಂತೆ ಮುಂದೆ ಹೋದ ತೋಳನ್ನು ತಡೆದು ನಿಲ್ಲಿಸುವ ಭಾರದಲ್ಲಿ ದೊಡ್ಡ ಪಾಲು ಅವುಗಳದು. ನಿನಗಿನ್ನೂ ಹದಿಮೂರು. ಭುಜದ ಎಲುಬಿನಲ್ಲಿ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿಲ್ಲ. ಹಣ ಕೊಟ್ಟು ಏನಾದರೂ ತರುವುದಿದ್ದರೆ ಒಂದು ಥೆರಾಬ್ಯಾಂಡ್ ತಾ. ಅದನ್ನು ಬಾಗಿಲಿನ ಚಿಲಕಕ್ಕೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸುವ ವ್ಯಾಯಾಮ ಮಾಡು. ಅತಿ ಮೃದುವಾದ ಬ್ಯಾಂಡ್ ಸಾಕು. ನೋವು ಬಂದ ದಿನ ರಾಕೆಟ್ ಮುಟ್ಟಬೇಡ, ನಿನ್ನಮ್ಮನಿಂದ ಮುಚ್ಚಿಡಲೂ ಬೇಡ.

ನಿನ್ನ ತಂಗಿಯೂ ರಾಕೆಟ್ ಕೇಳುತ್ತಿದ್ದಾಳಂತೆ. ಅವಳಿಗೆ ನಿನ್ನ ಹಳದಿ ಚೆಂಡು ಕೊಡಬೇಡ. ಎಳೆಯರಿಗೆಂದೇ ಕೆಂಪು, ಕಿತ್ತಳೆ, ಹಸಿರು ಗುರುತಿನ ಚೆಂಡುಗಳಿವೆ. ಕೆಂಪು ಚೆಂಡು ಮಾಮೂಲಿಗಿಂತ ಶೇಕಡಾ 75ರಷ್ಟು ನಿಧಾನ, ಕಿತ್ತಳೆ 50, ಹಸಿರು 25. ಅವಳ ವಯಸ್ಸಿಗೆ ಅದೇ ಸರಿಯಾದ ಸಲಕರಣೆ.

ರೇಡಾರನ್ನೂ ಸದ್ಯಕ್ಕೆ ಮರೆತುಬಿಡು. ಅದು ವೇಗ ಹೇಳುತ್ತದೆ, ತಪ್ಪು ಎಲ್ಲಿದೆಯೆಂದು ಹೇಳುವುದಿಲ್ಲ. ಅದನ್ನು ತೋರಿಸುವ ವಸ್ತು ನಿನ್ನಮ್ಮನ ಕೈಯಲ್ಲೇ ಇದೆ. ಅವಳ ಫೋನಿನಲ್ಲಿ ಸ್ಲೋ ಮೋಷನ್ ಹಾಕಿ, ಒಮ್ಮೆ ಹಿಂದಿನಿಂದ, ಒಮ್ಮೆ ಪಕ್ಕದಿಂದ ಚಿತ್ರೀಕರಿಸಿಕೋ. ಅರಿನಾ ಸಬಲೆಂಕಾ 2022ರಲ್ಲಿ ವಿಶ್ವದ ಅಗ್ರ ಆಟಗಾರ್ತಿಯರಲ್ಲಿ ಒಬ್ಬರಾಗಿದ್ದೂ ಆ ವರ್ಷ 400ಕ್ಕೂ ಹೆಚ್ಚು ಡಬಲ್ ಫಾಲ್ಟ್ ಮಾಡಿದರು. ಕೋರ್ಟಿನಲ್ಲೇ ಅತ್ತರು. ಕೊನೆಗೆ ದೇಹಚಲನೆಯ ತಜ್ಞರೊಬ್ಬರ ಜೊತೆ ಕೂತು ತಮ್ಮ ಸರ್ವನ್ನು ಬಿಡಿಬಿಡಿಯಾಗಿ ನೋಡಿ ತಿದ್ದಿಕೊಂಡರು. 2023ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಅವರ ಮೊದಲ ಗ್ರಾಂಡ್‌ಸ್ಲಾಂ ಸಿಂಗಲ್ಸ್ ಪ್ರಶಸ್ತಿ ಅದು. ಹನ್ನೊಂದಕ್ಕೆ ನೀನು ಊಟ ಬಿಟ್ಟು ಮಲಗಬೇಕಾಗಿರಲಿಲ್ಲ ಕಂದಾ.

ಫೋನಿನಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗಬೇಡ. ಈ ವಾರ ಹಿಡಿತ ಮಾತ್ರ ನೋಡು. ಸುತ್ತಿಗೆ ಹಿಡಿದ ಹಾಗೆ ಕಾಂಟಿನೆಂಟಲ್ ಗ್ರಿಪ್ ಇದೆಯೋ, ಹೊಡೆಯುವ ಹೊತ್ತಿಗೆ ಜಾರಿ ಫೋರ್‌ಹ್ಯಾಂಡ್ ಹಿಡಿತವಾಗುತ್ತಿದೆಯೋ? ಅದು ಸರಿಯಾಗದೆ ಚೆಂಡಿಗೆ ಸುತ್ತು ಬರುವುದಿಲ್ಲ. ಮುಂದಿನ ವಾರ ಎಡಗೈ ನೋಡು, ಟಾಸ್ ಮುಗಿದ ಮೇಲೂ ಅದು ಮೇಲೇ ಇರುತ್ತದೆಯೋ ಇಲ್ಲವೋ ಎಂದು.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ದೊಡ್ಡ ಆಯುಧ ಸರ್ವ್ ಆಗಿತ್ತು. 2024ರಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಡಬಲ್ಸ್‌ನಲ್ಲಿ ವಿಶ್ವದ ಒಂದನೆಯ ಸ್ಥಾನಕ್ಕೂ ಆಗಲೇ ಏರಿದರು. ಮಂಡಿಯ ಮೃದ್ವಸ್ಥಿ ಸವೆದಿದ್ದರೂ ಅಷ್ಟು ವರ್ಷ ಆಡಲು ಅಯ್ಯಂಗಾರ್ ಯೋಗ ನೆರವಾಯಿತೆಂದು ಅವರೇ ಹೇಳಿದ್ದಾರೆ. ಸರ್ವ್ ಅಷ್ಟು ವರ್ಷ ಬಾಳುವ ಹೊಡೆತ. ಅದಕ್ಕೆ ಮೈ ಉಳಿಸಿಕೊಳ್ಳಬೇಕು.

ನಿನ್ನಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಹಣ ಹಾಕುವುದಾದರೆ ದೊಡ್ಡ ಬುಟ್ಟಿಗೂ ಚೆಂಡಿಗೂ ಹಾಕು. ಮೂರೇ ಚೆಂಡು ಇಟ್ಟುಕೊಂಡವನಿಗೆ ಅರ್ಧ ಹೊತ್ತು ಹೆಕ್ಕುವುದರಲ್ಲೇ ಕಳೆಯುತ್ತದೆ. ಆಡಿ ಮೆತ್ತಗಾದ ಚೆಂಡುಗಳು ಕ್ಲಬ್ಬಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಅರವತ್ತು ತೆಗೆದುಕೋ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಬುಟ್ಟಿ. ಬುಟ್ಟಿ ಖಾಲಿಯಾದರೆ ಅಂದಿನ ಸರ್ವ್ ಮುಗಿಯಿತು. ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ಲಬ್ಬಿಗೆ ಬಂದುಬಿಡು. ಗಳ, ಹುರಿ ನಾನು ತರುತ್ತೇನೆ. ಕಾಲುಚೀಲ ನೀನು ತಾ.