ಬೀಗದ ಕೈಯಾಗಿ ಮೊಬೈಲ್ ಫೋನ್: ಎಷ್ಟರಮಟ್ಟಿಗೆ ನಂಬಬಹುದು?

ಮೋಟಾರು ವಾಹನದ ಬೀಗದ ಕೈ ಕಳೆದ ಮೂರು ದಶಕಗಳಲ್ಲಿ ಅನೇಕ ಮಾರ್ಪಾಡುಗಳನ್ನು ಕಂಡಿದೆ. ಅಂಬಾಸಡರ್ ಕಾರಿನ ಕಾಲದಲ್ಲಿ ಅದು ಹಲ್ಲು ಕೊರೆದ ಒಂದು ಲೋಹದ ತುಂಡಾಗಿತ್ತು. ಕಳೆದುಹೋದರೆ ರಸ್ತೆಬದಿಯ ಕುಶಲಕರ್ಮಿಯು ಅರ ಹಿಡಿದು ಅಲ್ಪ ಸಮಯದಲ್ಲಿಯೇ ಮತ್ತೊಂದನ್ನು ಮಾಡಿಕೊಡುತ್ತಿದ್ದನು. ಅನಂತರ ಎಂಜಿನ್ ಚಾಲೂ ಆಗಲು ಅನುಮತಿ ನೀಡುವ ಪುಟ್ಟ ಎಲೆಕ್ಟ್ರಾನಿಕ್ ಬಿಲ್ಲೆಯು ಕೀಲಿಯ ಹಿಡಿಯೊಳಗೆ ಸೇರಿತು. ಬಳಿಕ ಗುಂಡಿ ಒತ್ತಿದರೆ ಬಾಗಿಲು ತೆರೆಯುವ ರಿಮೋಟ್, ಅದರ ತರುವಾಯ ಜೇಬಿನಲ್ಲಿದ್ದರೆ ಸಾಕೆನ್ನುವ ಸ್ಮಾರ್ಟ್ ಕೀ ಬಂದವು. ಈಗ ನಮ್ಮ ಕೈಯಲ್ಲಿರುವ ಮೊಬೈಲ್ ಫೋನೇ ಕೀಲಿಯ ಸ್ಥಾನವನ್ನು ಪಡೆಯಲು ಸಿದ್ಧವಾಗಿ ನಿಂತಿದೆ.

ಕಾರು ಮತ್ತು ಫೋನು ತಯಾರಕರ ಅಂತರರಾಷ್ಟ್ರೀಯ ಒಕ್ಕೂಟವಾದ ಕಾರ್ ಕನೆಕ್ಟಿವಿಟಿ ಕನ್ಸಾರ್ಟಿಯಮ್ 2018ರಲ್ಲಿ ಈ ಬಗೆಯ ಕೀಲಿಗೆ ಮೊದಲ ಮಾನದಂಡವನ್ನು ಪ್ರಕಟಿಸಿತು. 2020ರಲ್ಲಿ ಆ್ಯಪಲ್ ಸಂಸ್ಥೆಯು ಬಿಎಂಡಬ್ಲ್ಯು ಕಾರುಗಳೊಡನೆ ಐಫೋನನ್ನು ಕೀಲಿಯಾಗಿ ಬಳಸುವ ಸೌಲಭ್ಯವನ್ನು ಘೋಷಿಸಿತು. ನಮ್ಮ ದೇಶದಲ್ಲಿಯೂ ಇದು ಅತಿ ದುಬಾರಿ ಕಾರುಗಳಿಗೆ ಸೀಮಿತವಾಗಿ ಉಳಿದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಹ್ಯುಂಡೈ ಆಲ್ಕಜಾರ್‌ನ ಪರಿಷ್ಕೃತ ಮಾದರಿಯ ಹಾಗೂ 2025ರ ಜನವರಿಯಲ್ಲಿ ಬಂದ ವಿದ್ಯುತ್ ಕ್ರೆಟಾದ ಮೇಲ್ದರ್ಜೆಯ ಆವೃತ್ತಿಗಳಲ್ಲಿ ಈ ವ್ಯವಸ್ಥೆಯನ್ನು ಒದಗಿಸಲಾಗಿದೆ. ಆದುದರಿಂದ ಇದರ ವಿಶ್ವಾಸಾರ್ಹತೆಯ ವಿಚಾರವು ಮಧ್ಯಮ ವರ್ಗದ ಕುಟುಂಬಗಳಿಗೂ ಸಂಬಂಧಿಸಿದ್ದಾಗಿದೆ.

ಹೆಸರಿನ ಬಗ್ಗೆ ಒಂದು ಮಾತು. ಇದಕ್ಕೆ ‘ಅಂಕೀಯ ಕೀಲಿ’ ಎಂಬ ಪದವನ್ನು ಟಂಕಿಸುವುದು ಕಷ್ಟವಲ್ಲ. ಬಳಸುವವರನ್ನು ಹುಡುಕುವುದು ಕಷ್ಟ. ಹಳೆಯ ಮೈಸೂರಿನ ಕಡೆ ನಾವು ‘ಬೀಗದ ಕೈ’ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ಬೀಗವೇ ‘ಕೀಲಿ’, ಅದನ್ನು ತೆರೆಯುವುದು ‘ಕೀಲಿಕೈ’. ನೆರೆಯ ತೆಲುಗರು ‘ತಾಳಂ ಚೆವಿ’, ಅಂದರೆ ಬೀಗದ ಕಿವಿ, ಎನ್ನುತ್ತಾರೆ. ಕೈಯಿಂದ ಕೈಗೆ ದಾಟುವ ಲೋಹದ ವಸ್ತುವಿಗೆ ನಮ್ಮ ಹೆಸರು ಒಪ್ಪಿದರೆ, ರೇಡಿಯೊ ಅಲೆಗಳನ್ನು ಆಲಿಸಿ ಉತ್ತರ ಕೊಡುವ ಹೊಸ ಸಾಧನಕ್ಕೆ ತೆಲುಗಿನ ಹೆಸರೇ ಹೆಚ್ಚು ಒಪ್ಪುವಂತಿದೆ. ಈ ಲೇಖನದಲ್ಲಿ ತೆರೆಯುವ ಸಾಧನವನ್ನೇ ಕೀಲಿ ಎಂದು ಕರೆಯಲಾಗಿದೆ.

ಇಂತಹ ಕೀಲಿಯ ಯೋಗ್ಯತೆಯನ್ನು ಮಾರಾಟ ಮಳಿಗೆಯ ತಂಪಿನಲ್ಲಿ ನಿಂತು ಅಳೆಯಲಾಗದು. ವಾಹನವು ಕೆಟ್ಟು ನಿಂತ ದಿನ, ಅದನ್ನು ಪರರ ವಶಕ್ಕೆ ಒಪ್ಪಿಸಬೇಕಾದ ದಿನ ಅದರ ನಿಜವಾದ ಪರೀಕ್ಷೆ ನಡೆಯುತ್ತದೆ. ಆ ಪರೀಕ್ಷೆಗೆ ಆಂಧ್ರಪ್ರದೇಶದ ಎರಡು ಆಟೋನಗರ್‌ಗಳಿಗಿಂತ ತಕ್ಕ ಸ್ಥಳಗಳು ವಿರಳ. ಒಂದು, ವಿಜಯವಾಡದ ಜವಾಹರ್ ಆಟೋನಗರ್. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಲಾರಿಗಳ ಬಾಡಿ ಕಟ್ಟುವುದು, ಎಂಜಿನ್ ಬಿಚ್ಚಿ ಜೋಡಿಸುವುದು, ಬಿಡಿಭಾಗಗಳ ಮಾರಾಟ ಮುಂತಾದ ಕಸಬುಗಳಿಗೆ ಹೆಸರಾದ ಬಡಾವಣೆ. ಇನ್ನೊಂದು, ವಿಶಾಖಪಟ್ಟಣದ ಗಾಜುವಾಕ ಪ್ರದೇಶದಲ್ಲಿರುವ ಆಟೋನಗರ್. ಈ ಎರಡೂ ನಗರಗಳು ಇತ್ತೀಚಿನ ವರ್ಷಗಳಲ್ಲಿ ಪ್ರಕೃತಿಯ ಕೋಪವನ್ನು ಕಂಡಿವೆ ಎಂಬುದು ಈ ವಿಷಯದಲ್ಲಿ ಗಮನಾರ್ಹ.

ಮೂರು ಹಾದಿಗಳು

ಫೋನಿನಿಂದ ಕಾರು ತೆರೆಯುವುದೆಂದರೆ ಒಂದೇ ವಿಧಾನವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಪರಸ್ಪರ ತೀರ ಭಿನ್ನವಾದ ಮೂರು ಹಾದಿಗಳಿದ್ದು, ಮೂರರ ವಿಶ್ವಾಸಾರ್ಹತೆಯೂ ಬೇರೆ ಬೇರೆಯಾಗಿದೆ.

ಮೊದಲನೆಯದು ಅಂತರ್ಜಾಲದ ಹಾದಿ. ಫೋನಿನ ಆ್ಯಪ್‌ನಲ್ಲಿ ಗುಂಡಿ ಒತ್ತಿದಾಗ ಆಜ್ಞೆಯು ಮೊದಲು ಮೊಬೈಲ್ ಗೋಪುರಕ್ಕೆ, ಅಲ್ಲಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಮತ್ತೊಂದು ಗೋಪುರದ ಮೂಲಕ ಕಾರಿನೊಳಗಿನ ಸಿಮ್‌ಗೆ ತಲಪುತ್ತದೆ. ಮಾಲೀಕನು ಕಾರಿನ ಪಕ್ಕದಲ್ಲಿಯೇ ನಿಂತಿದ್ದರೂ ಆಜ್ಞೆಯು ದೂರದ ಊರಿಗೆ ಹೋಗಿಬರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಬಾಗಿಲು ತೆರೆಯದು. ನೆಲಮಾಳಿಗೆಯ ವಾಹನ ನಿಲ್ದಾಣದಲ್ಲಿ ಸಂಕೇತ ಸಿಗದಿರುವುದು ಇದರ ನಿತ್ಯದ ಉದಾಹರಣೆ. 2021ರ ನವೆಂಬರ್ 19ರಂದು ಟೆಸ್ಲಾ ಕಂಪನಿಯ ಸರ್ವರ್‌ಗಳಲ್ಲಿ ದೋಷವುಂಟಾಗಿ ಆ್ಯಪ್ ಕೆಲಸ ಮಾಡದಿದ್ದಾಗ, ಕೀಲಿಯ ಕಾರ್ಡನ್ನು ಮನೆಯಲ್ಲಿ ಬಿಟ್ಟು ಫೋನನ್ನೇ ನಂಬಿ ಹೊರಟಿದ್ದ ಅನೇಕ ಮಾಲೀಕರು ತಮ್ಮ ಕಾರಿನ ಹೊರಗೆ ನಿಲ್ಲಬೇಕಾಯಿತು.

ಎರಡನೆಯದು ಸ್ಪರ್ಶದ ಹಾದಿ. ಇದಕ್ಕೆ ಎನ್‌ಎಫ್‌ಸಿ ಎಂದು ಹೆಸರು. ಮೆಟ್ರೊ ಕಾರ್ಡನ್ನು ತೋರಿಸಿದಂತೆ ಫೋನನ್ನು ಬಾಗಿಲ ಹಿಡಿಗೆ ತಾಗಿಸಬೇಕು. ಕೆಲವು ಸೆಂಟಿಮೀಟರುಗಳಾಚೆ ಇದು ಕೆಲಸ ಮಾಡದು. ಗುಪ್ತ ಸಂಕೇತವು ಫೋನಿನೊಳಗಿನ ಭದ್ರವಾದ ಚಿಪ್‌ನಲ್ಲಿಯೇ ಇರುವುದರಿಂದ ತೆರೆಯುವ ಸಮಯದಲ್ಲಿ ಅಂತರ್ಜಾಲದ ಅಗತ್ಯವಿಲ್ಲ. ಮೇಲೆ ಹೇಳಿದ ಹ್ಯುಂಡೈ ಕಾರುಗಳು ಈ ಬಗೆಯವು. ಬಾಗಿಲು ತೆರೆದ ಬಳಿಕ ಫೋನನ್ನು ಒಳಗಿನ ವೈರ್‌ಲೆಸ್ ಚಾರ್ಜಿಂಗ್ ತಟ್ಟೆಯ ಮೇಲಿಟ್ಟು ವಾಹನವನ್ನು ಚಾಲೂ ಮಾಡಬೇಕು. ಮೂರು ಹಾದಿಗಳಲ್ಲಿ ನೋಡಲು ಅತ್ಯಂತ ಸಾಮಾನ್ಯವಾದ ಇದೇ ಹೆಚ್ಚು ನೆಚ್ಚಬಹುದಾದದ್ದು.

ಮೂರನೆಯದು ಸಾಮೀಪ್ಯದ ಹಾದಿ. ಫೋನು ಜೇಬಿನಲ್ಲಿರುವಂತೆಯೇ ಬ್ಲೂಟೂತ್ ಮೂಲಕ ಕಾರು ಅದನ್ನು ಗುರುತಿಸುತ್ತದೆ. ಇದಕ್ಕೂ ಅಂತರ್ಜಾಲ ಬೇಡ. ಆದರೆ ಬ್ಲೂಟೂತ್ ಸಾಮಾನ್ಯವಾಗಿ ಸಂಕೇತದ ಬಲವನ್ನು ನೋಡಿ ದೂರವನ್ನು ಊಹಿಸುತ್ತದೆ, ಊಹೆಯು ತಪ್ಪುವುದುಂಟು. ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆಯು ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿಬಿಟ್ಟರೆ ಕಾರು ಕರೆದರೂ ಫೋನು ಓಗೊಡುವುದಿಲ್ಲ. ಮಾಲೀಕರು ‘ಒಮ್ಮೆ ತೆರೆಯುತ್ತದೆ, ಒಮ್ಮೆ ತೆರೆಯುವುದಿಲ್ಲ’ ಎಂದು ದೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಚಂಡಮಾರುತ, ಪ್ರವಾಹ ಮತ್ತು ಬೇಸಿಗೆ

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ವಿದ್ಯುತ್ ಮತ್ತು ದೂರವಾಣಿ ವ್ಯವಸ್ಥೆಗಳು ಕುಸಿದು, ನಗರದ ಅನೇಕ ಭಾಗಗಳಲ್ಲಿ ದಿನಗಟ್ಟಲೆ ಫೋನುಗಳು ಮೂಕವಾದವು. ಆ ಕಾಲದಲ್ಲಿ ಫೋನು ಕಾರಿನ ಕೀಲಿಯಾಗಿರಲಿಲ್ಲ. ಕೀಲಿ ತಿರುಗಿಸಿದವರು ಹೊರಟರು. ಅಂತಹ ದಿನ ಮತ್ತೆ ಬಂದರೆ ಅಂತರ್ಜಾಲದ ಹಾದಿಯು ಮೊದಲ ಗಳಿಗೆಯಲ್ಲಿಯೇ ಮುಚ್ಚಿಹೋಗುತ್ತದೆ. ಸ್ಪರ್ಶದ ಮತ್ತು ಸಾಮೀಪ್ಯದ ಹಾದಿಗಳು ಫೋನಿನ ಬ್ಯಾಟರಿ ಇರುವವರೆಗೆ ಉಳಿದಿರುತ್ತವೆ. ಕೆಲವು ಐಫೋನ್‌ಗಳಲ್ಲಿ ಬ್ಯಾಟರಿ ತಗ್ಗಿ ಫೋನು ತಾನಾಗಿ ಆರಿದ ಮೇಲೂ 5 ಗಂಟೆಗಳವರೆಗೆ ಸ್ಪರ್ಶದ ಕೀಲಿಯು ಕೆಲಸ ಮಾಡುವಂತೆ ಏರ್ಪಾಡಿದೆ. ವಿದ್ಯುತ್ ಇಲ್ಲದ ಊರಿನಲ್ಲಿ ಐದು ಗಂಟೆ ಎಷ್ಟು ಬೇಗ ಕಳೆಯುವುದೆಂಬುದನ್ನು ಕರಾವಳಿಯ ಜನರಿಗೆ ಹೇಳಬೇಕಾಗಿಲ್ಲ.

2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹಳ್ಳವು ಉಕ್ಕಿ ವಿಜಯವಾಡದ ಅಜಿತ್ ಸಿಂಗ್ ನಗರ ಮುಂತಾದ ಬಡಾವಣೆಗಳು ಹಲವು ದಿನ ಜಲಾವೃತವಾದವು. ಮನೆಯ ಮುಂದೆ ನಿಂತಿದ್ದ ವಾಹನಗಳು ನೀರಿನಲ್ಲಿ ಮುಳುಗಿದವು. ಇಂತಹ ಸಂದರ್ಭದಲ್ಲಿ ಕೀಲಿಯು ತೆರೆಯದಿರುವ ಅಪಾಯಕ್ಕಿಂತ ಅದು ತೆರೆಯುವ ಅಪಾಯವೇ ದೊಡ್ಡದು. ಕೆಲವು ಕಾರುಗಳಲ್ಲಿ ಆ್ಯಪ್ ಮೂಲಕ ದೂರದಿಂದಲೇ ಎಂಜಿನನ್ನು ಚಾಲೂ ಮಾಡುವ ಸೌಲಭ್ಯವಿದೆ. ಮಹಡಿಯ ಮೇಲೆ ನಿಂತು, ಕಾರು ಬದುಕಿದೆಯೋ ಇಲ್ಲವೋ ನೋಡೋಣವೆಂದು ಆ ಗುಂಡಿಯನ್ನು ಒತ್ತಿದರೆ, ಗಾಳಿಯ ಕೊಳವೆಯಿಂದ ಸಿಲಿಂಡರಿಗೆ ನೀರು ನುಗ್ಗಿ ಎಂಜಿನ್ ಒಳಗಿನ ದಂಡಗಳು ಬಾಗಬಹುದು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಪಡೆಯದಿದ್ದಲ್ಲಿ ಈ ಹಾನಿಗೆ ಪರಿಹಾರ ದೊರೆಯುವುದು ದುಸ್ತರ. ಮುಳುಗಿದ ವಾಹನವನ್ನು ಚಾಲೂ ಮಾಡದೆ, ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಬೇಸಿಗೆಯ ವಿಚಾರವನ್ನೂ ಹೇಳಬೇಕಾಗಿದೆ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಬಳಸುವಂತೆ ಅದರ ತಯಾರಕರೇ ಸೂಚಿಸುತ್ತಾರೆ. ವಿಜಯವಾಡದಲ್ಲಿಯಾಗಲಿ, ನಮ್ಮ ರಾಯಚೂರು, ಕಲಬುರಗಿಗಳಲ್ಲಿಯಾಗಲಿ ಮೇ ತಿಂಗಳ ಮಧ್ಯಾಹ್ನ ಹೊರಗೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಮುಂಗಾಜಿನ ಕೆಳಗೆ ಬಿಟ್ಟ ಫೋನು ಕಾದು ತಾನಾಗಿ ಸ್ಥಗಿತಗೊಳ್ಳಬಹುದು. ಲೋಹದ ಕೀಲಿ ಕಾದರೆ ಬೆರಳು ಸುಡುತ್ತದೆ, ಅಷ್ಟೆ.

ಕಳ್ಳರ ಕೈಚಳಕ

2011ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಇಟಿಎಚ್ ಸಂಸ್ಥೆಯ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಜೇಬಿನಲ್ಲಿದ್ದರೆ ಸಾಕೆನ್ನುವ ಕೀಲಿಯ ದೌರ್ಬಲ್ಯವನ್ನು ತೋರಿಸಿದರು. ಉಪಾಯವು ಸರಳವಾದದ್ದು. ಒಬ್ಬನು ಕಾರಿನ ಬಳಿ, ಮತ್ತೊಬ್ಬನು ಮಾಲೀಕನ ಬಳಿ ಪುಟ್ಟ ಯಂತ್ರಗಳನ್ನು ಹಿಡಿದು ನಿಲ್ಲುತ್ತಾರೆ. ಕಾರಿನ ಪ್ರಶ್ನೆಯನ್ನು ಕೀಲಿಗೂ, ಕೀಲಿಯ ಉತ್ತರವನ್ನು ಕಾರಿಗೂ ಈ ಯಂತ್ರಗಳು ದಾಟಿಸುತ್ತವೆ. ಸಂಕೇತವನ್ನು ಒಡೆಯುವ ಗೊಡವೆಯೇ ಇಲ್ಲ. ದೂತರಂತೆ ಒಯ್ದರೆ ಸಾಕು. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆಯು ಇದೇ ಉಪಾಯವು ಬ್ಲೂಟೂತ್ ಆಧಾರಿತ ಫೋನ್ ಕೀಲಿಯ ಮೇಲೂ ನಡೆಯುವುದನ್ನು ಟೆಸ್ಲಾ ಕಾರಿನ ಮೇಲೆ ಪ್ರದರ್ಶಿಸಿತು.

ಇದಕ್ಕೆ ಪರಿಹಾರವಾಗಿ 2021ರ ಮಾನದಂಡದಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ತಂತ್ರವನ್ನು ಸೇರಿಸಲಾಯಿತು. ಇಲ್ಲಿ ಸಂಕೇತದ ಬಲದ ಬದಲು ಅದು ಹೋಗಿಬರಲು ಹಿಡಿಯುವ ಕಾಲವನ್ನು ಅಳೆಯಲಾಗುತ್ತದೆ. ರೇಡಿಯೊ ಅಲೆಯು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ಸುಮಾರು 30 ಸೆಂಟಿಮೀಟರ್ ಚಲಿಸುತ್ತದೆ. ಆದ್ದರಿಂದ ನಡುವೆ ದೂತನಿದ್ದರೆ ವಿಳಂಬವು ತಾನೇ ಗುಟ್ಟನ್ನು ಬಯಲು ಮಾಡುತ್ತದೆ. ಸೊಗಸಾದ ತಂತ್ರವೇ ಸರಿ; ಆದರೆ ಇದು ಕೆಲವು ದುಬಾರಿ ಫೋನುಗಳಲ್ಲಿ ಮಾತ್ರ ಲಭ್ಯ. ನಮ್ಮಲ್ಲಿ ಬಹುಸಂಖ್ಯೆಯ ಜನರು ಕೊಳ್ಳುವ ಅಗ್ಗದ ಫೋನುಗಳಲ್ಲಿ ಎನ್‌ಎಫ್‌ಸಿ ಸೌಲಭ್ಯವೇ ಇರುವುದಿಲ್ಲ. ಕಾರು ಕೊಳ್ಳುವ ಮುನ್ನ ಮನೆಯ ಸದಸ್ಯರೆಲ್ಲರ ಫೋನುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಲೇಸು.

ಗ್ಯಾರೇಜಿಗೆ ಒಪ್ಪಿಸುವಾಗ

ಆಟೋನಗರ್‌ನಲ್ಲಿ ಡೆಂಟಿಂಗ್ ಮತ್ತು ಪೇಂಟಿಂಗ್ ಕೆಲಸಕ್ಕೆ ಬಿಟ್ಟ ಕಾರು ಮೂರು ನಾಲ್ಕು ದಿನ ಅಲ್ಲಿಯೇ ಇರುತ್ತದೆ. ಅದನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ, ಎಲೆಕ್ಟ್ರಿಷಿಯನ್‌ನ ಬಳಿಯಿಂದ ಪೇಂಟರ್‌ನ ಬಳಿಗೆ ಸರಿಸಬೇಕಾಗುತ್ತದೆ. ಮಾಲೀಕನು ಕೀಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಬಸ್ಸು ಹತ್ತುತ್ತಾನೆ. ಕೀಲಿಯ ಕೆಲಸವು ತೆರೆಯುವುದಷ್ಟೇ ಅಲ್ಲ, ಒಪ್ಪಿಸುವುದೂ ಹೌದು. ಫೋನಿಗೆ ಈ ಎರಡನೆಯ ಗುಣವಿಲ್ಲ. ಬ್ಯಾಂಕಿನ ಖಾತೆ, ಯುಪಿಐ, ಮನೆಯವರ ಭಾವಚಿತ್ರಗಳು ಎಲ್ಲವೂ ಇರುವ ಫೋನನ್ನು ಯಾರೂ ಮೇಸ್ತ್ರಿಗೆ ಕೊಟ್ಟು ಬರಲಾರರು, ಕೊಡಲೂ ಬಾರದು.

ಕೀಲಿಯ ನಕಲನ್ನು ಆ್ಯಪ್ ಮೂಲಕ ಮತ್ತೊಬ್ಬರ ಫೋನಿಗೆ ಕಳುಹಿಸಿ, ಅನಂತರ ರದ್ದುಪಡಿಸುವ ಸೌಲಭ್ಯವು ಅನೇಕ ಕಾರುಗಳಲ್ಲಿದೆ. ಕುಟುಂಬದೊಳಗೆ ಇದು ಅನುಕೂಲಕರ. ಕೆಲಸಗಾರನ ಫೋನು ಅದಕ್ಕೆ ಹೊಂದುವುದೇ ಎಂಬುದು ಬೇರೆ ಪ್ರಶ್ನೆ. ಹೀಗೆ ಕಳುಹಿಸಿದ ಕೀಲಿಯು ಪಡೆದವನ ಚಾಲನಾ ಪರವಾನಗಿಯನ್ನು ಕೇಳುವುದಿಲ್ಲ ಎಂಬುದನ್ನೂ ನೆನಪಿಡತಕ್ಕದ್ದು. ಅಪ್ರಾಪ್ತ ವಯಸ್ಕನು ವಾಹನ ಚಲಾಯಿಸಿ ಅಪರಾಧವೆಸಗಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 199ಎ ಪ್ರಕರಣದ ಮೇರೆಗೆ ಪಾಲಕರು ಅಥವಾ ಮಾಲೀಕರು ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗಬಹುದು. ಮಗನ ಫೋನಿಗೆ ಕೀಲಿ ಕಳುಹಿಸುವುದು ಒಂದು ಕ್ಷಣದ ಕೆಲಸವಾದುದರಿಂದಲೇ ಈ ಎಚ್ಚರಿಕೆ.

ಕಾರಿನ 12 ವೋಲ್ಟ್ ಬ್ಯಾಟರಿ ಬರಿದಾದಾಗ ಮೇಲೆ ಹೇಳಿದ ಮೂರು ಹಾದಿಗಳೂ ನಿಷ್ಪ್ರಯೋಜಕವಾಗುತ್ತವೆ. ಫೋನಿನಲ್ಲಿ ಎಷ್ಟೇ ಚಾರ್ಜ್ ಇದ್ದರೂ ಕೇಳುವ ಕಿವಿಯೇ ಅತ್ತ ಇರುವುದಿಲ್ಲ. ಆಗ ಬಹುತೇಕ ಕಾರುಗಳಲ್ಲಿ ರಿಮೋಟ್ ಕೀಲಿಯೊಳಗೆ ಅಡಗಿರುವ ಚಿಕ್ಕ ಲೋಹದ ಪಟ್ಟಿಯನ್ನು ಹೊರತೆಗೆದು ಚಾಲಕನ ಬಾಗಿಲನ್ನು ತೆರೆಯಬೇಕು. ಒಳಗಿನ ಹಿಡಿಯನ್ನು ಎಳೆದು ಬಾನೆಟ್ ತೆರೆದು, ಬೇರೆ ಬ್ಯಾಟರಿಯಿಂದ ತಂತಿ ಜೋಡಿಸಬೇಕು. ಆ ಪಟ್ಟಿಯು ಎಲ್ಲಿದೆ, ಅದರ ರಂಧ್ರವು ಯಾವ ಮುಚ್ಚಳದ ಹಿಂದಿದೆ ಎಂಬುದನ್ನು ಹಗಲು ಹೊತ್ತಿನಲ್ಲಿ, ಬಿಡುವಾಗಿರುವಾಗ ಒಮ್ಮೆ ನೋಡಿಟ್ಟುಕೊಳ್ಳಬೇಕು.

ಒಟ್ಟಿನಲ್ಲಿ ಫೋನನ್ನು ಹೆಚ್ಚುವರಿ ಕೀಲಿಯಾಗಿ ಧಾರಾಳವಾಗಿ ನಂಬಬಹುದು. ಏಕೈಕ ಕೀಲಿಯಾಗಿ ನಂಬಿ ಊರಾಚೆ ಹೊರಡುವುದು ಇಂದಿನ ಸ್ಥಿತಿಯಲ್ಲಿ ಯುಕ್ತವಲ್ಲ. ಎನ್‌ಎಫ್‌ಸಿ ಕಾರ್ಡನ್ನು ಕೊಡುವ ಕಾರಾದರೆ ಕಾರ್ಡು, ಇಲ್ಲದಿದ್ದರೆ ರಿಮೋಟ್ ಕೀಲಿ, ಜೊತೆಯಲ್ಲಿರಬೇಕು. ಅದೂ ಕಾರಿನೊಳಗಲ್ಲ, ಮೈಮೇಲೆ.

ಫೋನು ಕಳೆದಾಗ, ಕಾರು ಮಾರಿದಾಗ

ಕಳೆದುಹೋದ ಫೋನನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಮೂಲಕ ನಿರ್ಬಂಧಿಸುವ ವ್ಯವಸ್ಥೆಯಿದೆ. ಇದರಿಂದ ಆ ಫೋನಿಗೆ ಮೊಬೈಲ್ ಜಾಲವು ತಪ್ಪುತ್ತದೆ. ಆದರೆ ಸ್ಪರ್ಶದ ಮತ್ತು ಸಾಮೀಪ್ಯದ ಕೀಲಿಗಳಿಗೆ ಜಾಲವೇ ಬೇಕಿಲ್ಲವಾದುದರಿಂದ ಈ ನಿರ್ಬಂಧವೊಂದರಿಂದಲೇ ಕಾರಿನ ಕೀಲಿ ಅಳಿಯುವುದಿಲ್ಲ. ಕಾರಿನ ಪರದೆಯಲ್ಲಿರುವ ಪಟ್ಟಿಯಿಂದ ಅಥವಾ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಅದನ್ನು ಪ್ರತ್ಯೇಕವಾಗಿ ಅಳಿಸತಕ್ಕದ್ದು.

ವಾಹನ ಕಳವಾದಾಗ ವಿಮಾ ಕಂಪನಿಗಳು ಮೂಲ ಕೀಲಿಗಳೆರಡನ್ನೂ ಕೇಳುವುದು ರೂಢಿ. ಫೋನಿದೆಯಲ್ಲ ಎಂಬ ಉದಾಸೀನದಿಂದ ರಿಮೋಟ್ ಕೀಲಿಯೊಂದನ್ನು ಕಳೆದುಕೊಂಡವರು ಆಗ ತೊಂದರೆಗೀಡಾಗುವ ಸಂಭವವಿದೆ. ಹಳೆಯ ಕಾರನ್ನು ಕೊಳ್ಳುವವರು ನೋಂದಣಿ ಪತ್ರದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಿಂದಿನ ಮಾಲೀಕನ ಫೋನಿನಲ್ಲಿರುವ ಕೀಲಿಯು ತಾನಾಗಿ ರದ್ದಾಗುವುದಿಲ್ಲವೆಂದು ತಿಳಿಯಬೇಕು. ಹಣ ಎಣಿಸಿ ಕೊಡುವ ಮೊದಲು ಮಾರುವವನ ಎದುರಿನಲ್ಲಿಯೇ ಕಾರಿನ ಪರದೆಯನ್ನು ತೆರೆದು, ನೋಂದಾಯಿತ ಫೋನುಗಳನ್ನೆಲ್ಲ ಅಳಿಸಿ, ಆತನ ಫೋನನ್ನು ಬಾಗಿಲಿಗೆ ತಾಗಿಸಿ ನೋಡಬೇಕು. ಬಾಗಿಲು ತೆರೆಯದಿದ್ದರೆ ವ್ಯವಹಾರವನ್ನು ಮುಗಿಸಬಹುದು.