ಹೆಸರು ಕರೆದರೆ ಓಗೊಡದ ಗಣಕಯಂತ್ರ

ಸವಣೂರೆಂಬ ಹೆಸರಿನ ಊರು ನಮ್ಮ ನಾಡಿನಲ್ಲಿ ಒಂದೇ ಅಲ್ಲ. ನವಾಬರು ಆಳಿದ, ದೊಡ್ಡ ಹುಣಸೆಯ ಹೆಮ್ಮರಗಳಿಗೂ ವೀಳ್ಯದೆಲೆಗೂ ಹೆಸರಾದ ಸವಣೂರು ಹಾವೇರಿ ಜಿಲ್ಲೆಯದು. ಇನ್ನೊಂದು ಸವಣೂರು ದಕ್ಷಿಣ ಕನ್ನಡದಲ್ಲಿ, ಪುತ್ತೂರಿನ ಸೀಮೆಯಲ್ಲಿದೆ. ಲಕೋಟೆಯ ಮೇಲೆ ಬರಿಯ ‘ಸವಣೂರು’ ಎಂದಷ್ಟೇ ಬರೆದರೆ ಅಂಚೆಯವನು ಯಾವ ಊರೆಂದು ತಿಳಿಯಬೇಕು? 1972ರ ಆಗಸ್ಟ್ 15ರಂದು ಪಿನ್ ಸಂಖ್ಯೆಯ ಪದ್ಧತಿ ಜಾರಿಗೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ಕಳೆಯಿತು. ನಮ್ಮ ಸವಣೂರಿನ ಸಂಖ್ಯೆ 58ರಿಂದಲೂ ಅದರದು 57ರಿಂದಲೂ ತೊಡಗುತ್ತದೆ. ಹೆಸರು ಮನುಷ್ಯನ ಅನುಕೂಲಕ್ಕೆ. ಸಂಖ್ಯೆ ಸಾಗಣೆಯ ಅನುಕೂಲಕ್ಕೆ. ಒಂದರಿಂದ ಮತ್ತೊಂದನ್ನು ಕಂಡುಹಿಡಿಯುವ ಕೆಲಸವನ್ನು ಯಾರಾದರೊಬ್ಬರು ಮಾಡಲೇಬೇಕು.

ಗಣಕಯಂತ್ರಗಳ ಜಾಲದಲ್ಲಿಯೂ ಸ್ಥಿತಿ ಹೀಗೆಯೇ ಇದೆ. ಪ್ರತಿಯೊಂದು ಯಂತ್ರಕ್ಕೂ 192.168.10.25 ಎಂಬಂಥ ಒಂದು ಐ.ಪಿ. ವಿಳಾಸವುಂಟು, ಅದರೊಡನೆ ನಾವಿಟ್ಟ ಒಂದು ಹೆಸರೂ ಉಂಟು. ಹೆಸರಿನಿಂದ ವಿಳಾಸವನ್ನು ಪಡೆಯುವ ಈ ಕ್ರಿಯೆ ಎಷ್ಟು ಸದ್ದಿಲ್ಲದೆ ನಡೆಯುತ್ತದೆಂದರೆ, ಕೆಡುವ ತನಕ ಅದು ಇದೆಯೆಂಬುದೇ ನಮ್ಮ ಲಕ್ಷ್ಯಕ್ಕೆ ಬಾರದು.

ನನ್ನ ಲಕ್ಷ್ಯಕ್ಕೆ ಅದು ಬಂದುದು ಒಂದು ಪರೀಕ್ಷಾಕಾಲದಲ್ಲಿ. ಇಪ್ಪತ್ತನಾಲ್ಕು ವಿದ್ಯಾರ್ಥಿಗಳ ಪ್ರಾಯೋಗಿಕ ಅಂಕಗಳನ್ನು ಸಂಜೆ ಐದು ಗಂಟೆಯೊಳಗೆ ವಿಶ್ವವಿದ್ಯಾಲಯಕ್ಕೆ ಕಳುಹಿಸಬೇಕಾಗಿತ್ತು. ಅಂಕಪಟ್ಟಿ ಸವಣೂರಿನ ಪ್ರಯೋಗಶಾಲೆಯ ಗಣಕದಲ್ಲಿ. ನಾನು ಜ್ವರದಿಂದ ಮಲಗಿದ್ದುದು ಹಾನಗಲ್ಲಿನ ಮನೆಯಲ್ಲಿ. ಕಾಲೇಜಿನ ಜಾಲಕ್ಕೆ ಮನೆಯಿಂದ ಸೇರಲು ವಿ.ಪಿ.ಎನ್. ಎಂಬ ಗುಪ್ತಮಾರ್ಗದ ಏರ್ಪಾಟು ಇತ್ತು. ಮಾರ್ಗವೇನೋ ತೆರೆಯಿತು, ಆದರೆ ಆ ಗಣಕವನ್ನು ಹೆಸರಿನಿಂದ ಕರೆದರೆ ‘ಅಂಥ ಯಂತ್ರವಿಲ್ಲ’ ಎಂಬ ಉತ್ತರ. ಪ್ರಯೋಗಶಾಲೆಯ ಸಹಾಯಕನಿಗೆ ದೂರವಾಣಿ ಮಾಡಿದೆ. “ಸರ, ಮಷಿನ್ ಚಾಲೂ ಐತ್ರಿ, ನಾ ಅದರ ಮುಂದನ ನಿಂತೇನ್ರಿ” ಎಂದನಾತ. ಅವನಿಂದ ಐ.ಪಿ. ವಿಳಾಸವನ್ನು ಓದಿಸಿಕೊಂಡು ಅದನ್ನೇ ಬೆರಳಚ್ಚಿಸಿದೊಡನೆ ಯಂತ್ರವು ಓಗೊಟ್ಟಿತು! ಅಂಕಗಳು ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಹೋದವು. ಕೆಲಸ ಮುಗಿಯಿತು, ಪ್ರಶ್ನೆ ಉಳಿಯಿತು.

ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಮಾರ್ಗದಲ್ಲಿಲ್ಲ, ಹೆಸರಿನಲ್ಲಿದೆ. ಇದು ನಮ್ಮ ಮೊದಲನೆಯ ಪರೀಕ್ಷೆ. ಸಂಖ್ಯೆಗೂ ಓಗೊಡದಿದ್ದರೆ ಬೇರೆ ಕಾರಣ ಹುಡುಕಬೇಕು. ಅದರಲ್ಲಿ ಸಾಮಾನ್ಯವಾದುದೊಂದನ್ನು ಹೇಳಿಬಿಡುತ್ತೇನೆ. ಮನೆಯ ಜಾಲ, ಕಾಲೇಜಿನ ಜಾಲ ಎರಡೂ 192.168.1 ಎಂದೇ ತೊಡಗುತ್ತಿದ್ದರೆ, ಯಂತ್ರವು ಕಾಲೇಜಿನ ವಿಳಾಸವನ್ನು ಮನೆಯೊಳಗೇ ಹುಡುಕುತ್ತ ಕುಳಿತಿರುತ್ತದೆ.

ಹಾಗಾದರೆ ಕಾಲೇಜಿನೊಳಗೆ ಕುಳಿತಾಗ ಅದೇ ಹೆಸರು ಕೆಲಸ ಮಾಡುತ್ತಿದ್ದುದು ಹೇಗೆ? ಹಿಂದೆ ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದುದನ್ನು ಹಿರಿಯರಿಂದ ಕೇಳಿರುತ್ತೀರಿ. ಸಣ್ಣ ಜಾಲದಲ್ಲಿ ವಿಂಡೋಸ್ ಯಂತ್ರಗಳು ಮಾಡುವುದೂ ಅದನ್ನೇ. ‘ಈ ಹೆಸರಿನವರು ಯಾರಿದ್ದೀರಿ?’ ಎಂದು ಒಂದು ಯಂತ್ರ ಎಲ್ಲರಿಗೂ ಕೇಳುವಂತೆ ಸಾರುತ್ತದೆ. ಆ ಹೆಸರಿನ ಯಂತ್ರ ತನ್ನ ವಿಳಾಸವನ್ನು ತಿಳಿಸುತ್ತದೆ. ಐ.ಬಿ.ಎಂ.ನ ಕಿರು ಜಾಲಕ್ಕಾಗಿ 1983ರಲ್ಲಿ ಹುಟ್ಟಿದ ನೆಟ್‌ಬಯಾಸ್ ಎಂಬುದರ ರೀತಿ ಇದು. ವಿಂಡೋಸ್ ವಿಸ್ಟಾದಿಂದ ಈಚೆಗೆ ಎಲ್.ಎಲ್.ಎಂ.ಎನ್.ಆರ್. ಎಂಬ ಮತ್ತೊಂದು ಡಂಗುರವೂ ಸೇರಿತು, ಅದು 224.0.0.252 ಎಂಬ ಸಾಮೂಹಿಕ ವಿಳಾಸಕ್ಕೆ ಸಾರುತ್ತದೆ. ಎಕ್ಸ್‌ಪಿ ಯಂತ್ರಕ್ಕೆ ಮೊದಲನೆಯ ಡಂಗುರ ಮಾತ್ರ ತಿಳಿಯುತ್ತದೆ, ಎರಡನೆಯದು ತಿಳಿಯದು.

ಡಂಗುರದ ಸದ್ದು ಊರ ಗಡಿಯನ್ನು ದಾಟುವುದಿಲ್ಲ. ಸವಣೂರಿನಲ್ಲಿ ಸಾರಿದ್ದು ಹಾನಗಲ್ಲಿಗೆ ಕೇಳಿಸೀತೆ? ಎರಡು ಜಾಲಗಳ ನಡುವೆ ನಿಂತ ರೂಟರು ಇಂಥ ಸಾರಿಕೆಗಳನ್ನು ಬೇಕೆಂದೇ ತಡೆಯುತ್ತದೆ. ತಡೆಯದಿದ್ದರೆ ಜಗತ್ತಿನ ಎಲ್ಲ ಯಂತ್ರಗಳ ಕೂಗೂ ಎಲ್ಲ ಯಂತ್ರಗಳಿಗೂ ತಲುಪಿ, ಕೂಗಿನ ಹೊರತು ಬೇರೇನೂ ಸಾಗಲಾರದು. ಇನ್ನು ವಿ.ಪಿ.ಎನ್. ಎಂಬುದಾದರೋ ಸಾಮಾನ್ಯವಾಗಿ ಒಂದು ಮುದ್ರೆಯೊತ್ತಿದ ಲಕೋಟೆಯ ವ್ಯವಸ್ಥೆ. ನಾವು ಕಳುಹಿಸಿದ ಪ್ರತಿಯೊಂದು ಪೊಟ್ಟಣವನ್ನೂ ಗೂಢಲಿಪಿಗೆ ತಿರುಗಿಸಿ, ಇನ್ನೊಂದು ಪೊಟ್ಟಣದೊಳಗೆ ಇಟ್ಟು, ಆಚೆಯ ತುದಿಯಲ್ಲಿ ಬಿಚ್ಚುತ್ತಾರೆ. ನಿರ್ದಿಷ್ಟ ವಿಳಾಸವುಳ್ಳ ಪತ್ರಕ್ಕೆ ಲಕೋಟೆಯಲ್ಲಿ ಸ್ಥಳವುಂಟು. ಡಂಗುರವನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಲಾಗದು.

ಆದುದರಿಂದ ದೂರದಿಂದ ಬಂದವನಿಗೆ ಡಂಗುರದ ಬದಲು ಒಂದು ನೋಂದಣಿ ಪುಸ್ತಕ ಬೇಕು. ಇಂಟರ್‌ನೆಟ್ಟಿನ ಪೂರ್ವಜವಾದ ಆರ್ಪಾನೆಟ್ಟಿನಲ್ಲಿ ಇಂಥ ಪುಸ್ತಕ ಒಂದೇ ಇತ್ತು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಬರೆದಿಡುತ್ತಿತ್ತು. ಉಳಿದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಎಂಬವರು ಡಿ.ಎನ್.ಎಸ್. ಎಂಬ ಪದ್ಧತಿಯನ್ನು ರೂಪಿಸಿ, ಆ ಒಂದು ಪುಸ್ತಕವನ್ನು ಊರೂರಿಗೆ ಹಂಚಿದರು. ಆಯಾ ಊರಿನ ಹೆಸರುಗಳನ್ನು ಆಯಾ ಊರಿನ ಸರ್ವರೇ ಬಲ್ಲದು.

ನನ್ನ ಗಣಕ ವಿಚಾರಿಸುತ್ತಿದ್ದುದು ಮನೆಗೆ ಇಂಟರ್‌ನೆಟ್ ಒದಗಿಸುವವರ ಸರ್ವರನ್ನು. ಕಾಲೇಜಿನ ಒಳಹೆಸರು ಅದಕ್ಕೇನು ಗೊತ್ತು? ‘ಇಲ್ಲ’ ಎಂದಿತು, ಅದರಲ್ಲಿ ಅದರ ತಪ್ಪಿಲ್ಲ. ಮರುವಾರ ನಾವು ಕಾಲೇಜಿನ ರೂಟರಿನಲ್ಲಿಯೇ ಒಂದು ಚಿಕ್ಕ ಡಿ.ಎನ್.ಎಸ್. ಪಟ್ಟಿಯನ್ನು ಬರೆದು, ವಿ.ಪಿ.ಎನ್. ಸೇರಿದವರಿಗೆಲ್ಲ ಅದರ ವಿಳಾಸ ತಾನಾಗಿ ಸಿಗುವಂತೆ ಮಾಡಿದೆವು. ಜೊತೆಗೆ ಒಂದು ಉತ್ತರಪದವನ್ನೂ ಕೊಟ್ಟೆವು. ಒಂಟಿ ಹೆಸರನ್ನು ಕೊಟ್ಟಾಗ ವಿಂಡೋಸು ತನಗೆ ತಿಳಿದ ಉತ್ತರಪದವನ್ನು ಅದಕ್ಕೆ ಜೋಡಿಸಿ ವಿಚಾರಿಸುತ್ತದೆ. ಮನೆಯ ಜಾಲದ ಉತ್ತರಪದ ಜೋಡಣೆಯಾದರೆ ಪತ್ರ ಪುತ್ತೂರಿನ ಸವಣೂರಿಗೆ ಹೋದಂತೆಯೇ ಸರಿ. ಉತ್ತರಪದವಾಗಿ ‘ಲೋಕಲ್’ ಎಂಬುದನ್ನು ಅನೇಕರು ಬಳಸುತ್ತಾರೆ. ಅದು ಬೇರೊಂದು ಬಗೆಯ ಡಂಗುರಕ್ಕೆ 2013ರಿಂದ ಮೀಸಲಾಗಿದೆ. ಖಾಸಗಿ ಜಾಲಗಳಿಗೆಂದು 2024ರಲ್ಲಿ ಕಾದಿರಿಸಿದ ‘ಇಂಟರ್ನಲ್’ ಎಂಬುದೇ ನನಗೆ ಮೇಲೆಂದು ತೋರುತ್ತದೆ.

ಇಷ್ಟಾದ ಮೇಲೆ ವಿಂಡೋಸ್ 10 ಇದ್ದ ನನ್ನ ಯಂತ್ರಕ್ಕೆ ಹೆಸರು ಸಿಕ್ಕಿತು. ಶಿಗ್ಗಾವಿಯಲ್ಲಿದ್ದ ಸಹೋದ್ಯೋಗಿಯೊಬ್ಬರ ವಿಂಡೋಸ್ 7 ಯಂತ್ರಕ್ಕೆ ಸಿಗಲಿಲ್ಲ! ಒಂದೇ ಮಾರ್ಗ, ಒಂದೇ ಪಟ್ಟಿ, ಫಲ ಮಾತ್ರ ಬೇರೆ. ಇಂಥ ಕಡೆ ಭೌತಶಾಸ್ತ್ರದ ವಿದ್ಯಾರ್ಥಿ ಮಾಡುವಂತೆ ಒಂದೊಂದೇ ಅಂಶವನ್ನು ಬದಲಿಸಿ ನೋಡತಕ್ಕದ್ದು. ಮನೆಯ ತಂತಿಯ ಸಂಪರ್ಕ ಒಂದು, ವಿ.ಪಿ.ಎನ್. ಇನ್ನೊಂದು, ಹೀಗೆ ಗಣಕಕ್ಕೆ ಎರಡು ಬಾಗಿಲುಗಳಿರುವಾಗ, ಯಾವ ಬಾಗಿಲಲ್ಲಿ ಮೊದಲು ವಿಚಾರಿಸಬೇಕೆಂಬ ಒಂದು ಸರದಿ ಅದರೊಳಗಿರುತ್ತದೆ. ಆ ವಿಂಡೋಸ್ 7 ಯಂತ್ರ ಮೊದಲು ಮನೆಯ ಬಾಗಿಲಲ್ಲಿ ಕೇಳಿ, ‘ಇಲ್ಲ’ ಎಂಬುದನ್ನೂ ಉತ್ತರವೆಂದೇ ಬಗೆದು ಸುಮ್ಮನಾಗಿತ್ತು. ಉತ್ತರವೇ ಬಾರದಿದ್ದರೆ ಎರಡನೆಯ ಬಾಗಿಲಿಗೆ ಹೋಗುತ್ತಿತ್ತು. ‘ಇಲ್ಲ’ ಎಂಬುದಕ್ಕೂ ಮೌನಕ್ಕೂ ಇರುವ ಈ ಅಂತರವನ್ನು ಗಮನಿಸಬೇಕು. ವಿಂಡೋಸ್ 8ರಿಂದ ಈಚೆಗಿನವು ಎಲ್ಲ ಬಾಗಿಲುಗಳಲ್ಲಿಯೂ ಒಮ್ಮೆಗೇ ಕೇಳುತ್ತವೆ. ನಮಗೆ ಅದರಿಂದ ಉಪಕಾರವಾಯಿತಾದರೂ, ಒಳಗಿನ ಹೆಸರುಗಳು ಹೊರಗಿನವರ ಕಿವಿಗೂ ಬೀಳುವುದರಿಂದ ಎಚ್ಚರಿಕೆಯುಳ್ಳ ಕೆಲವು ಸಂಸ್ಥೆಗಳು ಅದನ್ನು ನಿಲ್ಲಿಸಿರುತ್ತವೆ. ಶಿಗ್ಗಾವಿಯ ಯಂತ್ರದಲ್ಲಿ ವಿ.ಪಿ.ಎನ್. ಸಂಪರ್ಕವನ್ನು ಸರದಿಯ ಮೊದಲಿಗೆ ತಂದೆವು.

ಅಷ್ಟಾದರೂ ಕೆಲವು ನಿಮಿಷ ಹಳೆಯ ‘ಇಲ್ಲ’ವೇ ಬರುತ್ತಿತ್ತು. ನಕಾರವನ್ನೂ ಯಂತ್ರವು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಐಪಿಕಾನ್ಫಿಗ್ ಆಜ್ಞೆಗೆ ಫ್ಲಶ್‌ಡಿಎನ್‌ಎಸ್ ಎಂಬುದನ್ನು ಸೇರಿಸಿ ಕೊಟ್ಟರೆ ಆ ನೆನಪು ಅಳಿಯುತ್ತದೆ. ಎನ್‌ಎಸ್‌ಲುಕಪ್ ಎಂಬ ಪರೀಕ್ಷೆಯೂ ನಮ್ಮನ್ನು ಕೊಂಚ ದಾರಿ ತಪ್ಪಿಸಿತು. ಅದು ಡಂಗುರವನ್ನು ಹೊಡೆಯದು, ನೆನಪನ್ನು ಕೇಳದು. ನೇರವಾಗಿ ಒಂದು ಡಿ.ಎನ್.ಎಸ್. ಸರ್ವರನ್ನು ಮಾತ್ರ ವಿಚಾರಿಸುತ್ತದೆ. ಪಿಂಗ್ ಆಜ್ಞೆಯಾದರೋ ವಿಂಡೋಸಿಗೆ ತಿಳಿದ ಎಲ್ಲ ಉಪಾಯಗಳನ್ನೂ ಬಳಸುತ್ತದೆ. ಎರಡರ ಉತ್ತರ ಬೇರೆಯಾದರೆ ಗಾಬರಿಪಡದೆ, ಆ ವ್ಯತ್ಯಾಸವನ್ನೇ ಸುಳಿವಾಗಿ ಹಿಡಿಯಬೇಕು.

ಉಳಿದುದು ಎಕ್ಸ್‌ಪಿ ಯಂತ್ರ. ನಮ್ಮ ಒಂದು ಹಳೆಯ ಉಪಕರಣದ ತಂತ್ರಾಂಶ ಅದರಲ್ಲಿ ಮಾತ್ರ ನಡೆಯುವುದರಿಂದ ಅದನ್ನು ಬಿಡುವಂತಿಲ್ಲ. ಅದಕ್ಕೂ ಅದರ ನೆರೆಯ ಯಂತ್ರಕ್ಕೂ ಯಾರೋ ಉತ್ಸಾಹದಿಂದ ‘ಫಿಸಿಕ್ಸ್‌ಲ್ಯಾಬೊರೇಟರಿ’ ಎಂಬುದರ ಮುಂದೆ 1, 2 ಎಂದು ಹಚ್ಚಿ ಹೆಸರಿಟ್ಟಿದ್ದರು. ರೋಮನ್ ಲಿಪಿಯಲ್ಲಿ ಆ ಪದಕ್ಕೇ 17 ಅಕ್ಷರ; ನೆಟ್‌ಬಯಾಸ್ ಹೆಸರಿಗೆ ಸ್ಥಳವಿರುವುದು 15ಕ್ಕೆ ಮಾತ್ರ, ಹದಿನಾರನೆಯದು ಸೇವೆಯ ಬಗೆಯನ್ನು ತಿಳಿಸಲು ಮೀಸಲು. ಬಾಲ ಕತ್ತರಿಸಿಹೋಗಿ ಎರಡೂ ಒಂದೇ ಹೆಸರಿನವಾದವು. ಚಿಕ್ಕ ಹೆಸರುಗಳನ್ನಿಟ್ಟು ಇದನ್ನು ಸರಿಪಡಿಸಿದೆವು.

ಅನಂತರವೂ ವಿಂಡೋಸ್ 10ರಿಂದ ಎಕ್ಸ್‌ಪಿಯ ಕಡತಗಳು ತೆರೆಯಲಿಲ್ಲ. ಇದು ಹೆಸರಿನ ದೋಷವಲ್ಲ, ಭಾಷೆಯ ದೋಷ. ಕಡತ ಹಂಚಿಕೊಳ್ಳಲು ಎಕ್ಸ್‌ಪಿ ಬಲ್ಲದ್ದು ಎಸ್.ಎಂ.ಬಿ.ಯ ಮೊದಲನೆಯ ಆವೃತ್ತಿಯನ್ನು ಮಾತ್ರ. 2017ರ ಕೊನೆಯ ಭಾಗದಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ. ಅದನ್ನು ಮತ್ತೆ ಹಚ್ಚಿಕೊಳ್ಳಿರೆಂದು ಸಲಹೆ ಕೊಡುವವರುಂಟು. ಅದೇ ವರ್ಷದ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪೀಡೆ ಲೋಕವೆಲ್ಲ ಹಬ್ಬಿದ್ದು ಆ ಹಳೆಯ ಭಾಷೆಯ ಬಿರುಕಿನ ಮೂಲಕವೇ; ಆದಕಾರಣ ನಾನು ಒಪ್ಪಲಿಲ್ಲ. ಎಕ್ಸ್‌ಪಿ ಯಂತ್ರವನ್ನು ಜಾಲದಿಂದಲೇ ಬಿಡಿಸಿದೆವು. ಈಗ ಸಹಾಯಕನು ಪ್ರತಿದಿನ ಸಂಜೆ ಅದರ ಅಳತೆಗಳನ್ನು ಪೆನ್‌ಡ್ರೈವಿನಲ್ಲಿ ತೆಗೆದು, ವೈರಸ್ ಪರೀಕ್ಷೆ ಮಾಡಿ, ಪಕ್ಕದ ಮೇಜಿನ ಯಂತ್ರಕ್ಕೆ ಏರಿಸುತ್ತಾನೆ.